ದೇವರ ಮೇಲೆ ಪಣ: ಲೆಕ್ಕ ಎಲ್ಲಿಯವರೆಗೆ ನಿಲ್ಲುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯ ಸಂಭವನೀಯತೆಯ ಲೇಖನದಲ್ಲಿ ಪಾಸ್ಕಲ್‌ನ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಸಾಲನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಸಲದ ಅಂಕಣವಿಡೀ ಅದಕ್ಕೇ ಮೀಸಲು.

*

ಪ್ರಶ್ನೆ: ‘ದೇವರಿದ್ದರೆ ನಂಬಿದವನಿಗೆ ಲಾಭ, ಇಲ್ಲದಿದ್ದರೆ ನಷ್ಟವೇನೂ ಇಲ್ಲ, ಹಾಗಾಗಿ ನಂಬುವುದೇ ಜಾಣತನ’ ಎಂದು ಪಾಸ್ಕಲ್ ಹೇಳಿದ್ದಾನಂತೆ. ಅಂಥ ಗಣಿತಜ್ಞ ಇಷ್ಟು ಸಲೀಸಾಗಿ ಮಾತು ಮುಗಿಸಿದನೇ?
— ಬಿ.ಎಸ್‌ಸಿ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮುಗಿಸಲಿಲ್ಲ. ನೀವು ಬರೆದದ್ದು ವಾದದ ಮೊದಲ ಮೆಟ್ಟಿಲು. ಅದು ಅಲುಗಾಡುತ್ತದೆ ಎಂದು ಅವನಿಗೇ ಗೊತ್ತಿತ್ತು.

ಬ್ಲೇಸ್ ಪಾಸ್ಕಲ್ (1623–1662) ಫ್ರಾನ್ಸಿನವನು. 1642ರಲ್ಲಿ ಕೂಡುವ-ಕಳೆಯುವ ಯಂತ್ರದ ಕೆಲಸಕ್ಕೆ ಕೈಹಾಕಿದ. 1654ರಲ್ಲಿ ಫರ್ಮಾ ಎಂಬ ಇನ್ನೊಬ್ಬ ಗಣಿತಜ್ಞನ ಜೊತೆ ಜೂಜಿನ ಲೆಕ್ಕದ ಬಗ್ಗೆ ಪತ್ರ ಬರೆದುಕೊಂಡ; ಸಂಭವನೀಯತಾ ಶಾಸ್ತ್ರ ಹುಟ್ಟಿದ್ದೇ ಆ ಪತ್ರಗಳಿಂದ ಎನ್ನುವುದುಂಟು. ಅದೇ ವರ್ಷದ ನವೆಂಬರ್ 23ರ ರಾತ್ರಿ ಅವನಿಗೊಂದು ತೀವ್ರ ದೈವಾನುಭವವಾಯಿತು. ಅದನ್ನು ಬರೆದಿಟ್ಟ ಕಾಗದವನ್ನು ಕೋಟಿನ ಒಳಪದರದಲ್ಲಿ ಹೊಲಿದುಕೊಂಡೇ ಕೊನೆಯತನಕ ಓಡಾಡಿದ. ಕ್ರೈಸ್ತ ಧರ್ಮದ ಸಮರ್ಥನೆಗೆ ಒಂದು ದೊಡ್ಡ ಗ್ರಂಥ ಬರೆಯಬೇಕೆಂದಿದ್ದವನು 39ನೇ ವಯಸ್ಸಿಗೇ ತೀರಿಕೊಂಡ. ಉಳಿದ ಟಿಪ್ಪಣಿಗಳು 1670ರಲ್ಲಿ ಅಚ್ಚಾದವು. ಪಣದ ವಾದ ಇರುವುದು ಅವುಗಳಲ್ಲಿ. ‘ಅನಂತ, ಶೂನ್ಯ’ ಎಂಬ ಎರಡು ಪದಗಳಿಂದ ಅದು ಶುರುವಾಗುತ್ತದೆ.

ದೇವರಿದ್ದಾನೆಯೇ ಎಂಬುದನ್ನು ಬುದ್ಧಿಯಿಂದ ತೀರ್ಮಾನಿಸಲು ಆಗದು ಎಂದು ಅವನು ಮೊದಲೇ ಒಪ್ಪಿಬಿಡುತ್ತಾನೆ. ಇದನ್ನು ಮರೆತವರೇ ಪಣವನ್ನು ‘ದೇವರ ಅಸ್ತಿತ್ವಕ್ಕೆ ಪುರಾವೆ’ ಎಂದು ತಪ್ಪಾಗಿ ಹೇಳುವುದು. ಅಲ್ಲಿಂದ ಮುಂದೆ ಮೂರು ವಾದಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅವನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಿದವನು ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್, 1972ರಲ್ಲಿ. ಮೊದಲನೆಯದು ನೀವು ಬರೆದದ್ದು: ಗೆದ್ದರೆ ಎಲ್ಲವೂ ನಿನ್ನದು, ಸೋತರೆ ಏನೂ ಹೋಗದು. ಆಗ ಪಾಸ್ಕಲ್ ಕಲ್ಪಿಸಿಕೊಂಡ ಎದುರಾಳಿ, ‘ನಾನು ಒಡ್ಡುತ್ತಿರುವ ಪಣವೇ ಹೆಚ್ಚಾಯಿತೇನೋ’ ಎನ್ನುತ್ತಾನೆ. ಸರಿಯಾದ ಆಕ್ಷೇಪ, ಸುಖ, ಸಮಯ, ಸ್ವಾತಂತ್ರ್ಯ ಎಲ್ಲವನ್ನೂ ಒಡ್ಡಬೇಕಲ್ಲ. ಪಾಸ್ಕಲ್ ‘ನಷ್ಟವಿಲ್ಲ’ ಎಂಬ ಮಾತನ್ನು ಅಲ್ಲೇ ಬಿಟ್ಟು ಎರಡನೆಯದಕ್ಕೆ ದಾಟುತ್ತಾನೆ: ಸಾಧ್ಯತೆ ಅರ್ಧಕ್ಕರ್ಧ ಎಂದುಕೊಂಡರೆ, ಒಂದು ಬದುಕನ್ನು ಒಡ್ಡಿ ಅನಂತ ಬದುಕನ್ನು ಗೆಲ್ಲುವ ಆಟವನ್ನು ಯಾರು ಬಿಡುತ್ತಾರೆ? ಮೂರನೆಯದು, ಅರ್ಧವೇ ಬೇಕಿಲ್ಲ, ಸಾಧ್ಯತೆ ಎಷ್ಟೇ ಸಣ್ಣದಿರಲಿ, ಸೊನ್ನೆಯಾಗಿರದಿದ್ದರೆ ಸಾಕು. ಅನಂತದಿಂದ ಗುಣಿಸಿದರೆ ಅದೂ ಅನಂತವೇ.

‘ನಾನು ಆಟಕ್ಕೇ ಬರುವುದಿಲ್ಲ’ ಎಂದರೆ? ಅದಕ್ಕೂ ಅವನ ಉತ್ತರ ಸಿದ್ಧವಿದೆ. ನೀನು ಆಗಲೇ ದೋಣಿ ಹತ್ತಿ ಕೂತಿದ್ದೀಯ. ಬದುಕುವುದೆಂದರೆ ಯಾವುದಾದರೊಂದು ಕಡೆ ಪಣ ಕಟ್ಟಿದಂತೆಯೇ.

*

ಪ್ರಶ್ನೆ: ಈ ಗುಣಾಕಾರವನ್ನು ಹಂತಹಂತವಾಗಿ ಬಿಡಿಸಿ. ಎಲ್ಲೋ ತಪ್ಪಿದೆ ಅನ್ನಿಸುತ್ತದೆ, ಎಲ್ಲಿ ಎಂದು ಕೈಗೆ ಸಿಗುತ್ತಿಲ್ಲ.
— ಪ್ರೌಢಶಾಲಾ ಗಣಿತ ಶಿಕ್ಷಕಿ, ಹಾಸನ

ಉತ್ತರ: ಪಾಸ್ಕಲ್‌ನದೇ ಲೆಕ್ಕದಿಂದ ಶುರುಮಾಡೋಣ. ಇಬ್ಬರು ತಲಾ 32 ನಾಣ್ಯ ಕಟ್ಟಿದ್ದಾರೆ. ಮೊದಲು ಮೂರು ಆಟ ಗೆದ್ದವನಿಗೆ 64. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಿರುವಾಗ ಆಟ ನಿಂತುಹೋಯಿತು. ಹಣ ಹಂಚುವುದು ಹೇಗೆ? ಮುಂದಿನ ಆಟ ನಡೆದಿದ್ದರೆ ಮುಂದಿರುವವನು ಗೆದ್ದು 64 ಪಡೆಯುತ್ತಿದ್ದ, ಇಲ್ಲವೇ ಸೋತು ಸಮವಾಗಿ 32 ಪಡೆಯುತ್ತಿದ್ದ. 32 ಎಂತಿದ್ದರೂ ಖಾತ್ರಿ, ಉಳಿದ 32ರಲ್ಲಿ ಅರ್ಧ. ಒಟ್ಟು 48, ಎದುರಾಳಿಗೆ 16. ಆಗದೇ ಉಳಿದ ಆಟಕ್ಕೂ ಬೆಲೆ ಕಟ್ಟಬಹುದು ಎಂಬುದು ಇಲ್ಲಿನ ಹೊಸತು.

ಇದೇ ಅಳತೆಗೋಲನ್ನು ಲಾಟರಿಗೆ ಹಿಡಿಯಿರಿ. ಟಿಕೆಟ್ 50 ರೂಪಾಯಿ, ಟಿಕೆಟ್‌ಗಳು 50 ಲಕ್ಷ, ಬಹುಮಾನ ಒಂದೇ, 1 ಕೋಟಿ. ಟಿಕೆಟ್ಟಿನ ನಿರೀಕ್ಷಿತ ಬೆಲೆ (ಸರಾಸರಿಯಲ್ಲಿ ಕೈಗೆ ಬರುವುದು) 1 ಕೋಟಿ ಭಾಗಿಸು 50 ಲಕ್ಷ, ಅಂದರೆ 2 ರೂಪಾಯಿ. 48 ರೂಪಾಯಿ ನೀರಿಗೆ ಹೋಯಿತು.

ಈಗ ದೇವರ ಕೋಷ್ಟಕ. ಎರಡು ಸಾಲು: ನಂಬುವುದು, ನಂಬದಿರುವುದು. ಎರಡು ಕಂಬಸಾಲು: ಇದ್ದಾನೆ, ಇಲ್ಲ. ನಾಲ್ಕು ಮನೆಗಳಲ್ಲಿ ‘ನಂಬಿದೆ, ಇದ್ದಾನೆ’ ಎಂಬ ಮನೆಗೆ ಮಾತ್ರ ಅನಂತ. ಉಳಿದ ಮೂರಕ್ಕೂ ಯಾವುದೋ ಸೀಮಿತ ಸಂಖ್ಯೆ. ನಂಬುವ ಸಾಲಿನ ನಿರೀಕ್ಷಿತ ಬೆಲೆ ಅನಂತ, ನಂಬದ ಸಾಲಿನದು ಸೀಮಿತ. ಲೆಕ್ಕ ಮುಗಿಯಿತು ಅನ್ನಿಸುತ್ತದೆ.

ನಿಮ್ಮ ಕೈಗೆ ಸಿಗದ ತಪ್ಪು ಇರುವುದು ಈ ಅನಂತದಲ್ಲೇ. ಮೂರನೆಯ ಸಾಲೊಂದನ್ನು ಸೇರಿಸಿ: ‘ನಾಣ್ಯ ಚಿಮ್ಮುತ್ತೇನೆ, ತಲೆ ಬಿದ್ದರೆ ನಂಬುತ್ತೇನೆ, ಬಾಲ ಬಿದ್ದರೆ ಇಲ್ಲ.’ ನಂಬುವ ಸಾಧ್ಯತೆ ಅರ್ಧ. ಅನಂತದ ಅರ್ಧ ಅನಂತವೇ. ಅಂದಮೇಲೆ ನಾಣ್ಯ ಚಿಮ್ಮುವುದೂ ನಂಬುವುದೂ ಸಮಸಮ. ಇನ್ನೂ ಮುಂದೆ ಹೋಗಿ. ‘ದೇವರ ಗೊಡವೆಯೇ ಬೇಡ, ಸಂಜೆ ಒಗ್ಗರಣೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತೇನೆ’ ಎಂದುಕೊಂಡವನೂ ಮುಂದೊಂದು ದಿನ ಆಸ್ತಿಕನಾಗುವ ಸಣ್ಣ ಸಾಧ್ಯತೆ ಇದ್ದೇ ಇದೆ. ಆ ಸಣ್ಣದನ್ನು ಅನಂತದಿಂದ ಗುಣಿಸಿದರೆ ಮಂಡಕ್ಕಿಗೂ ಅನಂತ ಬೆಲೆ. ಎಲ್ಲ ಸಾಲುಗಳಿಗೂ ಒಂದೇ ಅಂಕ ಬಿದ್ದರೆ ಆ ಕೋಷ್ಟಕ ಯಾವುದನ್ನೂ ಆರಿಸಿಕೊಡದು. 2003ರಲ್ಲಿ ತತ್ತ್ವಶಾಸ್ತ್ರಜ್ಞ ಅಲನ್ ಹಾಯೆಕ್ ಈ ಆಕ್ಷೇಪವನ್ನು ಪೂರ್ತಿಯಾಗಿ ಬೆಳೆಸಿದ. ನಮ್ಮ ಮಟ್ಟಿಗೆ ಪಣಕ್ಕೆ ಬಿದ್ದ ಅತ್ಯಂತ ಬಲವಾದ ಏಟು ಇದು. ಏಕೆಂದರೆ ಇದಕ್ಕೆ ನಾಸ್ತಿಕನಾಗಬೇಕಿಲ್ಲ, ಗುಣಾಕಾರ ಬಂದರೆ ಸಾಕು.

ಅನಂತ ಬೆಲೆಯ ಆಟಗಳು ಹೀಗೆ ಕಾಟ ಕೊಡುವುದು ಹೊಸದಲ್ಲ. ಮೊದಲ ಸಲ ತಲೆ ಬೀಳುವವರೆಗೆ ನಾಣ್ಯ ಚಿಮ್ಮಿ: ಮೊದಲನೆಯದಕ್ಕೇ ಬಿದ್ದರೆ 2 ರೂಪಾಯಿ, ಎರಡನೆಯದಕ್ಕೆ 4, ಮೂರನೆಯದಕ್ಕೆ 8, ಹೀಗೆ. ಪ್ರತಿ ಹಂತವೂ ಸರಾಸರಿಗೆ 1 ರೂಪಾಯಿ ಸೇರಿಸುತ್ತದೆ, ಹಂತಗಳಿಗೆ ಕೊನೆಯಿಲ್ಲ, ಆದ್ದರಿಂದ ಬೆಲೆ ಅನಂತ. ಆದರೂ ಇದನ್ನು ಆಡಲು 1000 ರೂಪಾಯಿ ಕೊಡುವವರು ಸಿಗುವುದಿಲ್ಲ. ಆಡಿಸುವವನ ಪೆಟ್ಟಿಗೆಯಲ್ಲಿ 1 ಕೋಟಿ ಮಾತ್ರ ಇದೆ ಎಂದಾದರೆ ನ್ಯಾಯವಾದ ಬೆಲೆ ಸುಮಾರು 24 ರೂಪಾಯಿಗೆ ಇಳಿಯುತ್ತದೆ; ತರಗತಿಯಲ್ಲಿ ಮಾಡಿಸಿ ನೋಡಿ. ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲಿ ತಲೆಕೆಡಿಸಿಕೊಂಡದ್ದು ಈ ಆಟದ ಬಗ್ಗೆಯೇ.

*

ಪ್ರಶ್ನೆ: ಇದು ಪಾಶ್ಚಾತ್ಯರ ಚಿಂತೆ. ನಮ್ಮಲ್ಲಿ ದೇವರನ್ನು ಯಾರಾದರೂ ಹೀಗೆ ಲಾಭ-ನಷ್ಟಕ್ಕೆ ಇಟ್ಟಿದ್ದಾರೆಯೇ?
— ನಿವೃತ್ತ ಸಂಸ್ಕೃತ ಅಧ್ಯಾಪಕರು, ಮೈಸೂರು

ಉತ್ತರ: ನಿಮಗೆ ಈ ಸುಭಾಷಿತ ಗೊತ್ತೇ ಇರಬೇಕು: ‘ಸಂದಿಗ್ಧೇಽಪಿ ಪರೇ ಲೋಕೇ ತ್ಯಾಜ್ಯಮೇವಾಶುಭಂ ಬುಧೈಃ | ಯದಿ ನ ಸ್ಯಾತ್ತತಃ ಕಿಂ ಸ್ಯಾದಸ್ತಿ ಚೇನ್ನಾಸ್ತಿಕೋ ಹತಃ’. ಪರಲೋಕ ಇದೆಯೋ ಇಲ್ಲವೋ ಎಂಬ ಸಂದೇಹವಿದ್ದರೂ ತಿಳಿದವರು ಕೆಟ್ಟದ್ದನ್ನು ಬಿಡಬೇಕು. ಇಲ್ಲದಿದ್ದರೆ ಏನಾಯಿತು, ಇದ್ದರೆ ನಾಸ್ತಿಕ ಕೆಟ್ಟ. ಪಾಸ್ಕಲ್‌ನ ಮೊದಲ ಮೆಟ್ಟಿಲು ಇದೇ. ಎರಡು ವ್ಯತ್ಯಾಸಗಳನ್ನು ಮಾತ್ರ ಗಮನಿಸಿ. ಇಲ್ಲಿ ಪಣ ಇರುವುದು ಪರಲೋಕದ ಮೇಲೆ, ದೇವರ ಮೇಲಲ್ಲ. ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನಕಾರರು ಕೊಡುವ ‘ಆಸ್ತಿಕ’ದ ಅರ್ಥವೂ ಪರಲೋಕ ಉಂಟೆನ್ನುವವನು ಎಂದೇ. ವೇದವನ್ನು ಒಪ್ಪುವ ಮೀಮಾಂಸಕರು ಸೃಷ್ಟಿಕರ್ತನನ್ನು ಒಪ್ಪದಿದ್ದರೂ ಆಸ್ತಿಕರೇ. ಎರಡನೆಯದಾಗಿ, ಈ ಶ್ಲೋಕ ಕೇಳುವುದು ನಂಬಿಕೆಯನ್ನಲ್ಲ, ನಡತೆಯನ್ನು.

ಇದಕ್ಕಿಂತ ಸೂಕ್ಷ್ಮವಾದದ್ದು ಪಾಲಿಯ ಅಪಣ್ಣಕ ಸುತ್ತ, ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 60ನೆಯದು. ಕೋಸಲದ ಸಾಲಾ ಎಂಬ ಬ್ರಾಹ್ಮಣರ ಊರಿನಲ್ಲಿ ಬುದ್ಧ ಹೇಳಿದ್ದೆಂದು ಬರುತ್ತದೆ. ಪರಲೋಕವಿಲ್ಲ ಎನ್ನುತ್ತ ಕೆಟ್ಟದಾಗಿ ನಡೆದವನು, ಪರಲೋಕ ನಿಜಕ್ಕೂ ಇಲ್ಲದಿದ್ದರೂ, ಈ ಲೋಕದಲ್ಲಿ ತಿಳಿದವರ ನಿಂದೆಗೆ ಗುರಿಯಾಗುತ್ತಾನೆ. ಇದ್ದರೆ ಎರಡೂ ಕಡೆ ಸೋಲು. ಆ ಸೋಲಿಗೆ ಅಲ್ಲಿ ಬಳಸಿರುವುದು ದ್ಯೂತದ ಮಾತು: ಎರಡೂ ಕಡೆ ‘ಕಲಿ’, ಅಂದರೆ ಸೋಲುವ ದಾಳ, ಬಿದ್ದಂತೆ. ಒಳ್ಳೆಯದಾಗಿ ನಡೆದವನಿಗೆ ಎರಡೂ ಕಡೆ ‘ಕೃತ’, ಗೆಲ್ಲುವ ದಾಳ. ‘ಇಲ್ಲ’ ಎಂಬ ಕಂಬಸಾಲಿನಲ್ಲೂ ನಿಜವಾದ ಅಂಕ ತುಂಬಿಸಿರುವುದು ಇದರ ಹೆಚ್ಚುಗಾರಿಕೆ. ಪಾಸ್ಕಲ್ ಅಲ್ಲಿ ಅವಸರ ಮಾಡಿದ. ಅನಂತದ ಹಂಗಿಲ್ಲದ್ದರಿಂದ ಹಾಯೆಕ್‌ನ ಏಟೂ ಇದಕ್ಕೆ ತಾಕುವುದಿಲ್ಲ.

ಕ್ರಿ.ಶ. 300ರ ಸುಮಾರಿಗೆ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ಅರ್ನೋಬಿಯಸ್, ಅವನ ನಂತರ ಮುಸ್ಲಿಂ ಚಿಂತಕ ಘಜಾಲಿ (1058–1111) ಕೂಡ ಇದೇ ಧಾಟಿಯ ವಾದ ಹೇಳಿದ್ದಾರೆ.

*

ಪ್ರಶ್ನೆ: ಡಿವಿಜಿಯವರ ಕಗ್ಗದಲ್ಲಿ ನಂಬಿದ ಪ್ರಹ್ಲಾದನಿಗೂ ಮೋಕ್ಷ, ನಂಬದ ಅವನ ತಂದೆಗೂ ಮೋಕ್ಷ. ನಂಬಿಯೂ ನಂಬದ ಇಬ್ಬಂದಿ ಮಾತ್ರ ಸಿಂಬಳದಲ್ಲಿ ಸಿಕ್ಕ ನೊಣ. ಇದನ್ನು ಪಾಸ್ಕಲ್‌ನ ಕೋಷ್ಟಕದಲ್ಲಿ ಎಲ್ಲಿ ಕೂರಿಸುತ್ತೀರಿ?
— ಓದುಗರು, ಶಿರಸಿ

ಉತ್ತರ: ಕೂರಿಸಲು ಹೋದರೆ ಕೋಷ್ಟಕವೇ ಮುರಿಯುತ್ತದೆ. ಹಿರಣ್ಯಕಶಿಪುವಿಗೂ ಮೋಕ್ಷವೆಂದರೆ ‘ನಂಬದಿರುವುದು, ಇದ್ದಾನೆ’ ಎಂಬ ಮನೆಯಲ್ಲೂ ಅನಂತ ಬರೆಯಬೇಕು. ಎರಡು ಸಾಲೂ ಸಮ. ಸೋಲುವವನು ಯಾರು? ಎರಡೂ ಕಡೆ ಕಾಲಿಟ್ಟವನು, ಅಂದರೆ ಪಣ ಕಟ್ಟಲು ಬಂದವನೇ.

ನಿಮ್ಮ ಪ್ರಶ್ನೆ ದೊಡ್ಡ ಆಕ್ಷೇಪವೊಂದರ ಬಾಗಿಲು ತೆರೆಯುತ್ತದೆ. ‘ದೇವರಿದ್ದಾನೆ’ ಎಂಬುದು ಒಂದೇ ಕಂಬಸಾಲಲ್ಲ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಚಿಂತಕ ದಿದೆರೋ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ: ಒಬ್ಬ ಇಮಾಮನೂ ಇದೇ ವಾದ ಹೂಡಬಹುದು. ಅಷ್ಟು ದೂರ ಯಾಕೆ, ಕರ್ನಾಟಕದೊಳಗಿನ ಕಂಬಸಾಲುಗಳನ್ನೇ ಎಣಿಸಿ. ಶೃಂಗೇರಿಯ ಅದ್ವೈತದಲ್ಲಿ ಮೋಕ್ಷ ಜ್ಞಾನದಿಂದ; ‘ಇದ್ದಾನೆ’ ಎಂದು ಪಣ ಕಟ್ಟಿದ ಮಾತ್ರಕ್ಕೆ ಏನೂ ಸಿಗದು. ಶ್ರವಣಬೆಳಗೊಳದ ಜೈನರಲ್ಲಿ ಸೃಷ್ಟಿಕರ್ತನೇ ಇಲ್ಲ. ಯಾವ ಕಾಲಕ್ಕೂ ಮೋಕ್ಷ ಪಡೆಯಲಾಗದ ಅಭವ್ಯ ಜೀವಗಳೂ ಅಲ್ಲಿವೆ. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಜೀವರು ಸ್ವಭಾವದಿಂದಲೇ ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಯೋಗ್ಯತೆ ಅನಾದಿಯಾದರೆ ಪಣ ಕಟ್ಟಿ ಅದನ್ನು ಬದಲಿಸುವುದಾದರೂ ಹೇಗೆ?

ಪಾಸ್ಕಲ್‌ನ ಕುತ್ತಿಗೆಗೂ ಇದೇ ಉರುಳು ಬೀಳುತ್ತದೆ, ಇದು ಬಹಳ ಜನರ ಗಮನಕ್ಕೆ ಬಂದಿಲ್ಲ. ಅವನು ಪೋರ್-ರಾಯಲ್ ಮಠದ ಜಾನ್ಸೆನಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಕಡೆಯವನು. ಆ ಪಂಗಡದಲ್ಲಿ ನಂಬಿಕೆ ದೇವರ ಕೃಪೆಯಿಂದ ಬರುವಂಥದು, ಆ ಕೃಪೆಯೂ ಆಯ್ದ ಕೆಲವರಿಗೆ. ಆಯ್ಕೆ ದೇವರದಾದರೆ ನಾನು ಪಣ ಕಟ್ಟಿ ಏನು ಪ್ರಯೋಜನ ಎಂದು ಫ್ರೆಂಚ್ ಲೇಖಕ ವೋಲ್ತೇರ್ 1734ರಲ್ಲೇ ಚುಚ್ಚಿದ್ದ.

ಒಂದು ಉಪಕಥೆ. ಮಧ್ವಮತದಲ್ಲಿ ಮೋಕ್ಷದಲ್ಲೂ ಆನಂದದ ತಾರತಮ್ಯವಿದೆ, ಒಬ್ಬರಿಗಿಂತ ಒಬ್ಬರಿಗೆ ಹೆಚ್ಚು. ಫಲಗಳನ್ನು ಹೀಗೆ ಹೋಲಿಸಲು ಬರುವುದಾದರೆ ‘ಅನಂತದ ಅರ್ಧವೂ ಅನಂತವೇ’ ಎಂಬ ಹಾಸನದ ಪತ್ರದ ತೊಡಕು ಅಲ್ಲಿ ಅಷ್ಟು ಸುಲಭವಾಗಿ ಏಳುವುದಿಲ್ಲ. ಈ ದಾರಿಯಲ್ಲಿ ಯಾರಾದರೂ ಲೆಕ್ಕ ಮುಂದುವರಿಸಿದರೆ ನಾವು ಓದಲು ಸಿದ್ಧ.

*

ಪ್ರಶ್ನೆ: ಲೆಕ್ಕ ಒಪ್ಪಿದೆ ಎಂದುಕೊಳ್ಳಿ. ಆದರೂ ನಂಬಿಕೆ ಬರುತ್ತಿಲ್ಲ. ಬಲ್ಬಿನ ಸ್ವಿಚ್ಚು ಒತ್ತಿದಂತೆ ನಂಬಲಾಗುತ್ತದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಆಗದು. ಈಗ ನಿಮ್ಮ ಕಿಟಕಿಯಾಚೆ ಸಮುದ್ರವಿದೆ ಎಂದು ನಂಬಿ ನೋಡಿ, ಹತ್ತು ಲಕ್ಷ ಕೊಡುತ್ತೇವೆಂದರೂ ಸಾಧ್ಯವಿಲ್ಲ. ಪಾಸ್ಕಲ್‌ನ ಎದುರಾಳಿಯೂ ಇದನ್ನೇ ಹೇಳುತ್ತಾನೆ. ಅವನಿಗೆ ಸಿಕ್ಕ ಸಲಹೆ: ನಿನ್ನಂತೆಯೇ ಕಟ್ಟಿಹಾಕಿಸಿಕೊಂಡಿದ್ದು ಈಗ ವಾಸಿಯಾದವರನ್ನು ನೋಡು, ಅವರು ಶುರುಮಾಡಿದಲ್ಲೇ ಶುರುಮಾಡು. ನಂಬಿದವರಂತೆ ನಡೆದುಕೋ, ತೀರ್ಥ ತೆಗೆದುಕೋ, ಪೂಜೆ ಮಾಡಿಸು. ವಾದ ಹೆಚ್ಚಿಸಬೇಡ, ಆಸೆಗಳನ್ನು ತಗ್ಗಿಸು. ಇದರಿಂದ ನಂಬಿಕೆ ತಾನಾಗಿ ಬರುತ್ತದೆ, ನೀನು ಪಶುವಿನಂತೆ ಪಳಗುತ್ತೀಯ. ಈ ಕೊನೆಯ ಮಾತು ಅವನ ಕಡೆಯವರಿಗೇ ಇರುಸುಮುರುಸಾಗಿ 1670ರ ಮುದ್ರಣದಲ್ಲಿ ಅದನ್ನು ಕೈಬಿಟ್ಟರು.

ರೂಢಿಯಿಂದ ಮನಸ್ಸು ಬದಲಾಗುತ್ತದೆ, ಅದು ಸುಳ್ಳಲ್ಲ. ದಿನಾ ಸಂಜೆ ದೀಪ ಹಚ್ಚುವವರಿಗೆ ಹಚ್ಚದ ದಿನ ಏನೋ ಕಳೆದಂತಾಗುತ್ತದೆ. ತೊಡಕಿರುವುದು ಎರಡು ಕಡೆ. ಒಂದು, ಈ ಔಷಧಿ ಯಾವ ನಂಬಿಕೆಗೂ ಕೆಲಸ ಮಾಡುತ್ತದೆ, ಆದ್ದರಿಂದ ಹುಟ್ಟಿದ ನಂಬಿಕೆ ನಿಜವೆಂಬುದಕ್ಕೆ ಅದು ಆಧಾರವಲ್ಲ. ಎರಡು, ಔಷಧಿ ಹಿಡಿಯಬೇಕಾದರೆ ‘ಇದನ್ನು ಲಾಭಕ್ಕಾಗಿ ಶುರುಮಾಡಿದೆ’ ಎಂಬುದನ್ನು ನೀವೇ ಮರೆಯಬೇಕು. ಅಮೆರಿಕದ ತತ್ತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1896ರಲ್ಲಿ ಈ ಎರಡನೆಯದನ್ನೇ ಹಿಡಿದು ಹೀಗೆ ಗೇಲಿ ಮಾಡಿದ: ದೇವರ ಜಾಗದಲ್ಲಿ ನಾವೇ ಇದ್ದಿದ್ದರೆ ಇಂಥ ಲೆಕ್ಕಾಚಾರದ ಭಕ್ತರನ್ನೇ ಮೊದಲು ಆರಿಸಿ ಹೊರಗಿಡುವುದರಲ್ಲಿ ವಿಶೇಷ ಖುಷಿ ಪಡುತ್ತಿದ್ದೆವು.

*

ಪ್ರಶ್ನೆ: ಹರಕೆ ಹೊರುವುದೂ ಪಣವೇ ಅಲ್ಲವೇ?
— ಗೃಹಿಣಿ, ಧರ್ಮಪುರಿ (ತಮಿಳುನಾಡು)

ಉತ್ತರ: ಅಲ್ಲ, ಅದು ಕರಾರು. ಪಣದಲ್ಲಿ ಮೊದಲು ಕಟ್ಟಿ ಆಮೇಲೆ ಕಾಯುತ್ತೀರಿ, ಫಲ ಸತ್ತ ಮೇಲೆ. ಹರಕೆಯಲ್ಲಿ ಕೆಲಸ ಆದಮೇಲೆ ಸಲ್ಲಿಕೆ: ಮಗು ಹುಟ್ಟಿತು, ತುಲಾಭಾರ ಮಾಡಿಸಿದಿರಿ. ಆಗದಿದ್ದರೆ ಕೈಯಿಂದ ಹೋಗುವುದು ಕಡಿಮೆ. ಹಾಗಾಗಿ ಲೆಕ್ಕದ ದೃಷ್ಟಿಯಿಂದ ಹರಕೆ ಪಾಸ್ಕಲ್‌ನ ಪಣಕ್ಕಿಂತ ಜಾಣತನದ್ದೇ. ‘ಹರಕೆ ಫಲಿಸುತ್ತದೆ’ ಎಂಬ ತೀರ್ಮಾನಕ್ಕೆ ಬರುವಾಗ ಮಾತ್ರ ಒಂದು ಎಚ್ಚರ ಬೇಕು. ದೇವಸ್ಥಾನದ ಸಾಲಿನಲ್ಲಿ ನಿಂತು ಕೇಳಿದರೆ ಎಲ್ಲರದೂ ಫಲಿಸಿರುತ್ತದೆ, ಫಲಿಸದವರು ಮುಡಿಪು ಒಪ್ಪಿಸಲು ಬಂದಿರುವುದಿಲ್ಲ.

*

ಪ್ರಶ್ನೆ: ‘ಈ ಸಂದೇಶವನ್ನು 11 ಜನರಿಗೆ ಕಳಿಸದಿದ್ದರೆ ಮನೆಯಲ್ಲಿ ಸಾವಾಗುತ್ತದೆ’ ಎಂದು ವಾಟ್ಸಾಪಿನಲ್ಲಿ ಬರುತ್ತದೆ. ಸುಳ್ಳೆಂದು ಗೊತ್ತು, ಆದರೂ ‘ಒಂದುವೇಳೆ’ ಎಂದು ಕಳಿಸಿಬಿಡುತ್ತೇನೆ. ಇದೂ ಪಾಸ್ಕಲ್‌ನ ಲೆಕ್ಕವೇ?
— ಬ್ಯಾಂಕ್ ಉದ್ಯೋಗಿ, ಕಲಬುರಗಿ

ಉತ್ತರ: ಅದೇ, ತಲೆಕೆಳಗಾಗಿ. ಸಾಧ್ಯತೆ ತೀರಾ ಸಣ್ಣದು, ಆದರೆ ನಷ್ಟ ಭಾರಿ; ಕಳಿಸುವ ಖರ್ಚು ಅರ್ಧ ನಿಮಿಷ. ನಿಕ್ ಬಾಸ್ಟ್ರಮ್ ಎಂಬ ತತ್ತ್ವಶಾಸ್ತ್ರಜ್ಞ 2009ರಲ್ಲಿ ಬರೆದ ಪುಟ್ಟ ಸಂವಾದವೊಂದರಲ್ಲಿ ಆಯುಧವೇ ಇಲ್ಲದ ದರೋಡೆಕೋರ ಪಾಸ್ಕಲ್‌ನ ಪರ್ಸು ಕೇಳುತ್ತಾನೆ: ಕೊಡು, ನಾಳೆ ಎರಡುಪಟ್ಟು ತಂದುಕೊಡುತ್ತೇನೆ. ನಂಬುವುದಿಲ್ಲವೇ? ಹಾಗಾದರೆ ಇನ್ನೂ ಹೆಚ್ಚು. ನಿನ್ನ ಅನುಮಾನ ಎಷ್ಟಿದೆಯೋ ಅದನ್ನು ಮೀರಿಸುವಷ್ಟು. ಕೊನೆಗೆ ಪಾಸ್ಕಲ್ ಪರ್ಸು ಕೊಟ್ಟುಬಿಡುತ್ತಾನೆ.

ಇದಕ್ಕೆ ಸಿಕ್ಕಿಬೀಳದಿರಲು ಮೂರು ತಪಾಸಣೆ ಸಾಕು. ಮೊದಲು, ಮಾತು ದೊಡ್ಡದಾದಷ್ಟೂ ಸಾಧ್ಯತೆಯನ್ನು ಅಷ್ಟೇ ಇಳಿಸಿ. ಹೆದರಿಕೆ ಹುಟ್ಟಿಸಲು ಬರೆದದ್ದಕ್ಕೆ ಸೊನ್ನೆಗಳನ್ನು ಸೇರಿಸಲು ಖರ್ಚಿಲ್ಲ. ಆಮೇಲೆ, ಎದುರು ಕಂಬಸಾಲನ್ನೂ ಬರೆಯಿರಿ: ‘ಕಳಿಸಿದರೆ ಸಾವಾಗುತ್ತದೆ’ ಎಂಬುದಕ್ಕೂ ಅಷ್ಟೇ ಸಾಧ್ಯತೆ ಇದೆ, ಎರಡೂ ಹೊಡೆದುಹೋಗುತ್ತವೆ. ಕೊನೆಯದು ಖರ್ಚು. ಅರ್ಧ ನಿಮಿಷ ನಿಮ್ಮದು, ಭಯ ಹನ್ನೊಂದು ಜನರದು. ದೋಷಪರಿಹಾರಕ್ಕೆ 21 ಸಾವಿರ ಕೇಳುವವರ ಮುಂದೆ ಕೂತಾಗಲೂ ಈ ಮೂರನ್ನೇ ಹಿಡಿಯಿರಿ.

*

ಪ್ರಶ್ನೆ: ಅನಂತವೇ ತೊಂದರೆಯಾದರೆ ಅದನ್ನು ತೆಗೆದು ದೊಡ್ಡದೊಂದು ಸಂಖ್ಯೆ ಹಾಕಿ. ಆಗ ಪಣ ಗೆಲ್ಲುತ್ತದೆಯೇ?
— ನಿವೃತ್ತ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಸಂಖ್ಯೆಯನ್ನು ನಾವು ಕಲ್ಪಿಸಬೇಕಿಲ್ಲ, ತೈತ್ತಿರೀಯ ಉಪನಿಷತ್ತಿನ ಆನಂದಮೀಮಾಂಸೆಯಲ್ಲೇ ಇದೆ. ಅಲ್ಲಿನ ಮೂಲಮಾನ ಒಬ್ಬ ಮನುಷ್ಯನ ಆನಂದ: ಯುವಕ, ಸಜ್ಜನ, ಓದಿದವನು, ದೃಢಕಾಯ, ಸಂಪತ್ತು ತುಂಬಿದ ಇಡೀ ಭೂಮಿ ಅವನದು. ಅದರ ನೂರು ಪಟ್ಟು ಮನುಷ್ಯಗಂಧರ್ವರ ಒಂದು ಆನಂದ. ಹೀಗೆ ದೇವಗಂಧರ್ವರು, ಪಿತೃಗಳು, ಆಜಾನಜ ದೇವತೆಗಳು, ಕರ್ಮದೇವತೆಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ, ಕೊನೆಗೆ ಬ್ರಹ್ಮ. ಹತ್ತು ಮೆಟ್ಟಿಲು, ಪ್ರತಿಯೊಂದರಲ್ಲೂ ನೂರರಿಂದ ಗುಣಾಕಾರ: 1ರ ಮುಂದೆ 20 ಸೊನ್ನೆ. ದೊಡ್ಡದು, ಆದರೆ ಸೀಮಿತ. ನಾಣ್ಯದ ತೊಡಕು ಇಲ್ಲಿಲ್ಲ. ಅರ್ಧ ಮಾಡಿದರೆ ನಿಜಕ್ಕೂ ಅರ್ಧವಾಗುತ್ತದೆ.

ಈಗ ಖರ್ಚು. ದಿನಕ್ಕೆ ಒಂದು ಗಂಟೆ ಪೂಜೆ, 60 ವರ್ಷ: 21,900 ಗಂಟೆ. ಎಚ್ಚರವಿರುವುದು ದಿನಕ್ಕೆ 16 ಗಂಟೆ ಎಂದರೆ ಸುಮಾರು ಮೂರು ಮುಕ್ಕಾಲು ವರ್ಷದ ಎಚ್ಚರ. ‘ನಷ್ಟವೇನಿಲ್ಲ’ ಎನ್ನುವವರು ಈ ಅಂಕಿಯನ್ನು ನೋಡಬೇಕು. ಆ ಗಂಟೆಗಳು ಪೂರ್ತಿ ವ್ಯರ್ಥ ಎಂದೇ ಹಿಡಿಯಿರಿ (ಪೂಜೆಯಲ್ಲಿ ಸಿಗುವ ನೆಮ್ಮದಿಗೆ ಸೊನ್ನೆ ಅಂಕ ಕೊಟ್ಟು), ಬದುಕಿನ ಸುಖದಲ್ಲಿ ಹದಿನಾರನೆಯ ಒಂದು ಭಾಗ ಹೋಯಿತು. ನಿಮ್ಮ ಬದುಕು ಆ ಯುವಕನದರಷ್ಟೇ ಸುಖದ್ದು ಎಂದು ಉದಾರವಾಗಿಯೇ ಎಣಿಸೋಣ. ಹದಿನಾರನೆಯ ಒಂದನ್ನು ಆ 20 ಸೊನ್ನೆಯ ಸಂಖ್ಯೆಯಿಂದ ಭಾಗಿಸಿದರೆ ಪಣ ಲಾಭಕ್ಕೆ ತಿರುಗುವ ಗಡಿ ಸಿಗುತ್ತದೆ. ಅದು ನಾಣ್ಯವನ್ನು 70 ಸಲ ಚಿಮ್ಮಿದಾಗ 70 ಸಲವೂ ತಲೆಯೇ ಬೀಳುವ ಸಾಧ್ಯತೆಗಿಂತ ತುಸು ಕಡಿಮೆ. ಫಲ ಸಿಗುವ ಸಾಧ್ಯತೆ ಇದಕ್ಕಿಂತ ಹೆಚ್ಚೆಂದು ನಿಮಗೆ ಅನ್ನಿಸಿದರೆ, ಅಂಕಗಣಿತದ ಪ್ರಕಾರ ಕಟ್ಟಬೇಕು.

ಆದರೆ ನಿಯಮಗಳನ್ನು ಪೂರ್ತಿ ಓದದೆ ಟಿಕೆಟ್ ಕೊಳ್ಳಬೇಡಿ. ಮೂಲಮಾನವಾದ ಮನುಷ್ಯನೊಬ್ಬನನ್ನು ಬಿಟ್ಟು ಮೇಲಿನ ಪ್ರತಿ ಮೆಟ್ಟಿಲಲ್ಲೂ ಉಪನಿಷತ್ತು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ: ‘ಶ್ರೋತ್ರಿಯಸ್ಯ ಚಾಕಾಮಹತಸ್ಯ’. ಆ ಆನಂದ ವೇದ ಬಲ್ಲವನಿಗೂ ಉಂಟು, ಅವನು ಕಾಮದ ಏಟು ತಿಂದಿರದಿದ್ದರೆ. 20 ಸೊನ್ನೆಗಳನ್ನು ನೋಡಿ ಕಟ್ಟಲು ಬಂದವನ ಹೆಸರು ಆ ಪಟ್ಟಿಯಲ್ಲಿಲ್ಲ.